ಪರದೆ ಇಲ್ಲದ ಬಾರು

"ಅಲ್ಲ ಮಾರಾಯ್ರೇ, ನಮ್ಮೂರಲ್ಲಿ ಬಾರಿಗೇನು ಬರವಾ?"

ಪಕ್ಕದ ಮನೆ ಗೌಡ್ರು ದಾಸವಾಳದ ಬೇಲಿ ಸವರುವುದನ್ನು ನಿಲ್ಲಿಸಿ ಕೇಳಿದರು. ಅವರ ಮಗಳು ಬೆಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಅಲ್ಲೇ ಒಂದು ದೊಡ್ಡ ಹೋಟೆಲಿನ ಬಾರ್ ಕೌಂಟರಿನಲ್ಲಿ ನಿಂತು ಕೆಲಸ ಕಲಿತವಳು. ಈಗ ಸಾಗರಕ್ಕೆ ವಾಪಸು ಬಂದು ಕಾಕ್‌ಟೇಲ್ ಬಾರ್ ತೆರೆಯುತ್ತೇನೆ ಅನ್ನುತ್ತಿದ್ದಾಳೆ. ಗೌಡ್ರಿಗೆ ಸಿಟ್ಟಿಲ್ಲ, ಗಾಬರಿ. ನಾನು ಲಾಡ್ಜು, ಬಾರುಗಳ ಲೆಕ್ಕ ಬರೆದೇ ಸಂಸಾರ ನಡೆಸಿದವನಾದ್ದರಿಂದ ಆ ಗಾಬರಿ ಬೇಲಿ ದಾಟಿ ನನ್ನ ಹತ್ತಿರ ಬಂತು.

ಬರವಿಲ್ಲ, ಒಪ್ಪಿದೆ. ಆದರೆ ಇರುವ ಬಾರುಗಳು ಹೇಗಿವೆ ನೋಡಿ ಗೌಡ್ರೇ, ಅಂದೆ. ನಮ್ಮೂರು ಅಂತಲ್ಲ, ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಅದೇ. ಬಾಗಿಲಿಗೆ ಪರದೆ, ಗಾಜಿಗೆ ಕಪ್ಪು ಹಾಳೆ, ಒಳಗೆ ಮಂಕು ದೀಪ. ಹೋಗುವವನು ರಸ್ತೆಯ ಆಚೆ ಈಚೆ ನೋಡಿಕೊಂಡು ಒಳಗೆ ನುಗ್ಗುತ್ತಾನೆ. ಕೂತ ಕೂಡಲೇ ಒಂದು ಕ್ವಾರ್ಟರ್, ಒಂದು ನೀರಿನ ಬಾಟಲಿ, ಸಪ್ಲೈಯರ್ ತಂದಿಟ್ಟ ಕಡ್ಲೆಬೀಜ, ಹೆಚ್ಚಿದ ಸೌತೆಕಾಯಿ. ಗುರುತಿನವರು ಬರುವುದರೊಳಗೆ ಮುಗಿಸಿ ಎದ್ದು ಹೋಗಬೇಕು. ನಾಲಿಗೆಗೆ ಏನು ತಾಗಿತು ಅನ್ನುವುದು ಆತನಿಗೆ ಗೊತ್ತಾಗುವುದೇ ಇಲ್ಲ.

ಕಾಕ್‌ಟೇಲ್ ಬಾರಿನ ಕ್ರಮ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಕೌಂಟರ್ ಬೆಳಕಿನಲ್ಲಿರಬೇಕು. ಬೆರೆಸುವ ಕೈ ಕಾಣಬೇಕು. ಕೂತವರ ಮುಖ ಕಾಣಬೇಕು. ಒಂದು ಗ್ಲಾಸು ಮುಕ್ಕಾಲು ಗಂಟೆ ಮಾತಿನ ಜೊತೆ ನಡೆಯಬೇಕು. ಮುಚ್ಚಿಟ್ಟು ಮಾರುವುದಕ್ಕೆಂದೇ ಬೆಳೆದುಬಂದ ವ್ಯಾಪಾರವನ್ನು ನಿಮ್ಮ ಮಗಳು ತೆರೆದಿಟ್ಟು ಮಾಡಲು ಹೊರಟಿದ್ದಾಳೆ. ಅವಳಿಗೆ ಎದುರಾಗುವ ಕಷ್ಟಗಳಿಗೆಲ್ಲ ಬೇರು ಇರುವುದು ಇಲ್ಲೇ.

"ಅದಿರಲಿ, ಲೈಸೆನ್ಸ್ ಸಿಗ್ತದಾ ಹೇಳಿ."

ಸಿಗುತ್ತದೆ, ಆದರೆ ಯಾವುದು ಅನ್ನುವುದು ಮುಖ್ಯ. ಬಾಟಲಿ ಕೊಂಡು ಮನೆಗೆ ಒಯ್ಯುವ ವೈನ್ ಸ್ಟೋರಿಗೆ ಸಿಎಲ್-2. ಕೂತು ಕುಡಿಯುವ ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9. ಕೋಣೆಗಳಿರುವ ಲಾಡ್ಜಿಗೆ ಸಿಎಲ್-7. ಇವೆಲ್ಲ 1965ರ ಅಬಕಾರಿ ಕಾಯ್ದೆಯಡಿ 1968ರಲ್ಲಿ ಬಂದ ನಿಯಮಗಳ ಪ್ರಕಾರ ಕೊಡುವ ಸನ್ನದುಗಳು. ಇದರಲ್ಲಿ ಸಿಎಲ್-2 ಮತ್ತು ಸಿಎಲ್-9 ಹೊಸದಾಗಿ ಕೊಡುವುದನ್ನು 1992ರ ನಂತರ ಸರ್ಕಾರ ಸಾಮಾನ್ಯವಾಗಿ ನಿಲ್ಲಿಸಿತು. ಹಾಗಾಗಿ ಇದ್ದವು ಕೈಯಿಂದ ಕೈಗೆ ಹೋಗುತ್ತಾ ಬೆಲೆ ಏರಿಸಿಕೊಂಡಿವೆ. ಈಗ ಒಬ್ಬ ಸನ್ನದುದಾರನಿಂದ ಸಿಎಲ್-9 ವರ್ಗಾಯಿಸಿಕೊಳ್ಳಬೇಕೆಂದರೆ ನಿಮ್ಮ ಅಡಿಕೆ ತೋಟದ ಮೇಲೆ ಸಾಲ ಎತ್ತಬೇಕಾಗುತ್ತದೆ. 2025ರ ಬಜೆಟ್‌ನಲ್ಲಿ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನ ಮೂಲಕ ಕೊಡುವ ಮಾತು ಬಂತು. ಕದ್ದುಮುಚ್ಚಿ ನಡೆಯುವುದಕ್ಕಿಂತ ಅದು ಒಳ್ಳೆಯದೇ. ಆದರೂ ಹರಾಜಿನಲ್ಲಿ ಕೂಗುವವನು ದುಡ್ಡಿದ್ದವನು, ಕೈಯಲ್ಲಿ ಕೆಲಸ ಇದ್ದವಳಲ್ಲ.

ತೋಟದ ಮೇಲೆ ಸಾಲ ಅಂದ ಕೂಡಲೇ ಗೌಡ್ರ ಮುಖ ಇಳಿಯಿತು. ಅದೇ ಬೇಡ ಅಂತ ನಾನೂ ಹೇಳುವುದು ಅಂದೆ. ಸಾಲದ ಸನ್ನದು ಬಂದ ದಿನವೇ ಕಾಕ್‌ಟೇಲ್ ಸತ್ತುಹೋಗುತ್ತದೆ. ಯಾಕೆ ಅಂದರೆ ಲೆಕ್ಕ ಹಾಗಿದೆ. 750 ಮಿ.ಲೀ. ಬಾಟಲಿಯಿಂದ ಅರವತ್ತರಂತೆ ಹಾಕಿದರೆ ಹನ್ನೆರಡು ಗ್ಲಾಸು, ಕೊನೆಗೆ ಒಂದಿಷ್ಟು ಉಳಿಕೆ. ಕ್ವಾರ್ಟರಿನವನು ಅರ್ಧ ಗಂಟೆಗೆ 180 ಮಿ.ಲೀ. ಮುಗಿಸಿ ಜಾಗ ಬಿಟ್ಟುಕೊಡುತ್ತಾನೆ, ಹಿಂದೆಯೇ ಇನ್ನೊಬ್ಬ ಕೂರುತ್ತಾನೆ. ಕಾಕ್‌ಟೇಲಿನವರು ಎರಡು ತಾಸು ಕೂತರೂ ಎರಡು ಗ್ಲಾಸಿನಲ್ಲಿ 120 ಮಿ.ಲೀ. ದಾಟುವುದಿಲ್ಲ. ಅಲ್ಲಿ ಲಾಭ ಬರಬೇಕಾದ್ದು ಮದ್ಯದ ಅಳತೆಯಿಂದಲ್ಲ, ಕೈಕೆಲಸದಿಂದ. ಬಡ್ಡಿ ಕಟ್ಟುವ ದಿನ ಹತ್ತಿರ ಬಂದಾಗ ಕೈಕೆಲಸಕ್ಕೆ ಕಾಯುವ ತಾಳ್ಮೆ ಯಾರಿಗಿರುತ್ತದೆ? ಮೊದಲು ದೀಪ ಮಂಕಾಗುತ್ತದೆ, ಆಮೇಲೆ ಬಾಗಿಲಿಗೆ ಪರದೆ ಬರುತ್ತದೆ, ಕ್ವಾರ್ಟರ್ ಶುರುವಾಗುತ್ತದೆ. ದೊಡ್ಡ ಆಸೆಯಿಂದ ತೆರೆದ ಒಳ್ಳೊಳ್ಳೆಯ ಜಾಗಗಳು ಹೀಗೆ ಬದಲಾದದ್ದನ್ನು ನಾನು ಖಾತೆಪುಸ್ತಕದಲ್ಲಿ ಕಂಡಿದ್ದೇನೆ.

ಸರ್ಕಾರದ ಕಡೆಯೂ ಮೇಲಿನಿಂದ ಕೆಳಗಿನವರೆಗೆ ಎಲ್ಲ ಎಣಿಕೆಯೂ ಬಾಟಲಿ ಪೆಟ್ಟಿಗೆಗಳದ್ದೇ. 2025-26ಕ್ಕೆ ರಾಜ್ಯ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಸುಂಕ ಬೀಳುವುದು ಬಾಟಲಿಯ ಮೇಲೆ. ಗ್ಲಾಸಿನಲ್ಲಿ ಎಷ್ಟು ಚೆಂದ ಬೆರೆಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. 2023ರ ಜುಲೈ ಬಜೆಟ್‌ನಲ್ಲಿ ದೇಶದಲ್ಲೇ ತಯಾರಾಗುವ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ ಬೆಲೆ ಹಂತಗಳಲ್ಲೂ ಶೇ. 20ರಷ್ಟು ಏರಿಸಿದರು. ಮರುವರ್ಷ ಹದಿನೆಂಟು ಹಂತಗಳನ್ನು ಹದಿನಾರಕ್ಕೆ ಇಳಿಸಿ, ದುಬಾರಿ ಮದ್ಯಗಳ ಬೆಲೆ ತಗ್ಗಿಸಿದರು. ಎರಡನೆಯದು ನಿಮ್ಮ ಮಗಳಂಥವರಿಗೆ ಒಳ್ಳೆಯ ಸುದ್ದಿ. ಒಳ್ಳೆಯ ಜಿನ್ನು, ಒಳ್ಳೆಯ ರಮ್ಮು ಸ್ವಲ್ಪ ಕೈಗೆಟುಕಿತು.

ಜಾಗದ ಪ್ರಶ್ನೆಯೂ ಸಣ್ಣದಲ್ಲ. ದೇವಸ್ಥಾನ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ದೂರ ಇರಬೇಕು ಅನ್ನುತ್ತದೆ ನಿಯಮ. ಹಳೇ ಪೇಟೆಯಲ್ಲಿ ಒಂದು ಗುಡಿಯಿಂದ ನೂರು ಮೀಟರ್ ಅಳೆದರೆ ಇನ್ನೊಂದು ಗುಡಿಯ ಮೆಟ್ಟಿಲು ಸಿಗುತ್ತದೆ. ಪೇಟೆ ಬಿಟ್ಟು ಬಿ.ಹೆಚ್. ರಸ್ತೆಗೆ ಬಂದರೆ ಹೆದ್ದಾರಿಯ ತಕರಾರು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದದ್ದರಿಂದ ರಾಜ್ಯದುದ್ದಕ್ಕೂ ಬಾರುಗಳು ಬಾಗಿಲು ಹಾಕಿದವು. 2017ರ ಜುಲೈನಲ್ಲಿ ನಗರಸಭೆ, ಪುರಸಭೆಗಳ ಮಿತಿಯೊಳಗಿನವಕ್ಕೆ ಅದು ಅನ್ವಯಿಸಬೇಕಾಗಿಲ್ಲ ಎಂದು ಕೋರ್ಟೇ ಸ್ಪಷ್ಟಪಡಿಸಿದ ಮೇಲೆ ಊರಿನೊಳಗಿನವು ಉಸಿರಾಡಿದವು. ಮುಂಗಡ ಕೊಡುವ ಮೊದಲು ಟೇಪು ಹಿಡಿದು ಅಳೆಯಲೇಬೇಕು, ಅಳೆದದ್ದನ್ನು ಬರಹದಲ್ಲಿ ತೆಗೆದುಕೊಳ್ಳಬೇಕು.

ಅಷ್ಟರಲ್ಲಿ ಒಳಗಿನಿಂದ ಗೌಡ್ರ ಮನೆಯವರು ಬಂದರು. ಮಾತು ಕೇಳಿಸಿಕೊಂಡೇ ಬಂದಿದ್ದರು.

"ಅಣ್ಣ, ನೀವು ಲೆಕ್ಕ ಹೇಳ್ತಾ ಇದ್ದೀರಿ. ನಾನು ಬೇರೆ ಕೇಳ್ತೇನೆ. ಕುಡಿತದಿಂದ ಹಾಳಾದ ಮನೆ ನಮ್ಮ ಕೇರಿಯಲ್ಲೇ ಎಷ್ಟಿಲ್ಲ? ನನ್ನ ಮಗಳು ಅದಕ್ಕೆ ಇನ್ನೊಂದು ಬಾಗಿಲು ತೆರೀಬೇಕಾ?"

ಇದಕ್ಕೆ ತಟ್ಟನೆ ಉತ್ತರ ಕೊಡುವ ಹಾಗಿರಲಿಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಕಡೆ ತಿರುಗಿತು. 2019ರ ಜನವರಿಯಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಅವರಾರೂ ಸುಮ್ಮನೆ ನಡೆದವರಲ್ಲ. ದುಡಿದ ಕೂಲಿ ಸಂಜೆಯೊಳಗೆ ಕರಗಿಹೋಗುವುದನ್ನು ಕಂಡವರು. ಕಾಕ್‌ಟೇಲ್ ಬಾರ್ ಆ ನೋವಿಗೆ ಮದ್ದು ಎಂದು ನಾನು ಹೇಳಲಾರೆ ಅಕ್ಕ, ಅಂದೆ. ಆದರೆ ಒಂದು ಮಾತು ಹೇಳಬಲ್ಲೆ. ಅವಿತು, ಬೇಗ, ಹಸಿದ ಹೊಟ್ಟೆಯಲ್ಲಿ ಕುಡಿಯುವ ಅಭ್ಯಾಸ ಮನೆಗಳನ್ನು ಹೆಚ್ಚು ಮುರಿದಿದೆ. ಊಟದ ಜೊತೆ, ನಾಲ್ಕು ಜನರ ಕಣ್ಣೆದುರು, ನಿಧಾನವಾಗಿ ಕುಡಿಯುವ ಕಡೆ ಹಾಗಾಗುವುದು ಕಡಿಮೆ. ನಿಮ್ಮ ಮಗಳು ಮೂರನೆಯ ಗ್ಲಾಸಿಗೆ ಸಾಕು ಅನ್ನುವ ಧೈರ್ಯ ತೋರಿಸಬೇಕು. ಕೂಲಿ ಬಟವಾಡೆಯ ಸಂಜೆ ಅಗ್ಗದ ಪೆಗ್ ಹಚ್ಚಿ ಜನ ಎಳೆಯಬಾರದು. ಇಪ್ಪತ್ತೊಂದು ತುಂಬದ ಹುಡುಗರನ್ನು, ಯಾರ ಮಗನೇ ಆಗಿರಲಿ, ಕೂರಿಸಬಾರದು. ಊರು ಸಣ್ಣದು. ಅವನ ಅಪ್ಪ ಯಾರೆಂದು ಅವಳಿಗೆ ಗೊತ್ತಿರುತ್ತದೆ, ಇಲ್ಲ ಅನ್ನುವುದು ಬೆಂಗಳೂರಿಗಿಂತ ಇಲ್ಲಿ ಕಷ್ಟ.

"ಹೆಣ್ಣುಮಗಳು ಬಾರಲ್ಲಿ ನಿಲ್ಲೋದಕ್ಕೆ ಕಾನೂನು ಬಿಡ್ತದಾ?" ಇದು ಗೌಡ್ರು.

ದೆಹಲಿಯಲ್ಲಿ ಜಾರಿಯಲ್ಲಿದ್ದ ಪಂಜಾಬ್ ಅಬಕಾರಿ ಕಾಯ್ದೆಯಲ್ಲಿ ಹೆಂಗಸರು ಬಾರಿನಲ್ಲಿ ಕೆಲಸ ಮಾಡಬಾರದು ಎಂದಿತ್ತು. 2007ರಲ್ಲಿ ಸುಪ್ರೀಂ ಕೋರ್ಟು ಅದು ಅಸಿಂಧು ಎಂದಿತು. ಹೆಣ್ಣುಮಕ್ಕಳ ರಕ್ಷಣೆ ಬೇಕೆಂದರೆ ಕೆಲಸದ ಜಾಗವನ್ನು ಸುರಕ್ಷಿತ ಮಾಡಬೇಕೇ ಹೊರತು ಅವರ ಕೆಲಸ ಕಿತ್ತುಕೊಳ್ಳುವುದಲ್ಲ ಅನ್ನುವುದು ಆ ತೀರ್ಪಿನ ಹುರುಳು. ಊರಿನ ಬಾಯಿಗೆ ತೀರ್ಪು ಗೊತ್ತಿಲ್ಲ, ಆಡಿಕೊಳ್ಳುತ್ತದೆ. ಬೆಳಕಿರುವ ಕೌಂಟರ್ ಇಲ್ಲೂ ಉಪಯೋಗಕ್ಕೆ ಬರುತ್ತದೆ. ರಸ್ತೆಯಿಂದಲೇ ಕಾಣುವ ಜಾಗದಲ್ಲಿ ಕೈಮೀರಿ ವರ್ತಿಸಲು ಗಿರಾಕಿ ಹಿಂಜರಿಯುತ್ತಾನೆ, ಹೊರಗಿನವರಿಗೆ ಕಥೆ ಕಟ್ಟಲು ಏನೂ ಉಳಿಯುವುದಿಲ್ಲ.

ನನಗೆ ಅತ್ಯಂತ ಕಷ್ಟದ್ದಾಗಿ ಕಾಣುವುದು ನಂಬಿಕೆಯ ವಿಷಯ. ನಮ್ಮ ಕಡೆಯವರು ಯಾಕೆ ಪೆಗ್ ಲೆಕ್ಕದಲ್ಲಿ ಕೇಳದೆ ತೊಂಬತ್ತರದ್ದೋ ನೂರೆಂಬತ್ತರದ್ದೋ ಸೀಲ್ ಇರುವುದನ್ನೇ ಕೇಳುತ್ತಾರೆ ಗೊತ್ತೇ? ಸೀಲ್ ತನ್ನ ಕಣ್ಣೆದುರಲ್ಲೇ ಒಡೆಯಬೇಕು. ಬಿಡಿಯಾಗಿ ಅಳೆದು ತಂದದ್ದರಲ್ಲಿ ನೀರು ಸೇರಿದೆಯೋ, ಬೇರೆ ಮಾಲು ಸೇರಿದೆಯೋ ಅನ್ನುವ ಅನುಮಾನ ತಲೆಮಾರಿನಿಂದ ಬಂದದ್ದು. ಅಂಥವನ ಮುಂದೆ ನಿಂಬೆ, ಸಕ್ಕರೆ ಪಾಕ, ಸೊಪ್ಪು ಎಲ್ಲ ಸೇರಿಸಿದ ಬಣ್ಣದ ಗ್ಲಾಸು ಇಟ್ಟು ಇಷ್ಟು ರೂಪಾಯಿ ಅಂದರೆ ಅವನು ಮೊದಲು ಕೇಳುವುದೇ "ಇದರೊಳಗೆ ಎಣ್ಣೆ ಎಷ್ಟಿದೆ?" ಎಂದು. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದ್ದರಿಂದ ಅಳತೆಯ ಲೋಟ ಅವನ ಕಣ್ಣೆದುರು ತುಂಬಬೇಕು, ಬಾಟಲಿಯ ಹೆಸರು ಅವನಿಗೆ ಕಾಣಬೇಕು, ದರಪಟ್ಟಿಯಲ್ಲಿ ಕನ್ನಡದಲ್ಲಿ ಯಾವ ಮದ್ಯ, ಎಷ್ಟು ಮಿ.ಲೀ. ಎಂದು ಬರೆದಿರಬೇಕು. ಬೆಂಗಳೂರಿನಲ್ಲಿ ಹೆಸರು ಮಾತ್ರ ಬರೆದರೆ ನಡೆಯಬಹುದು. ಇಲ್ಲಿ ಅಳತೆ ಬರೆಯದ ದರಪಟ್ಟಿ ನಿಲ್ಲುವುದಿಲ್ಲ.

ಸಾಮಾನಿನ ಕಥೆ ಇನ್ನೊಂದು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ಎಲ್ಲವೂ ಪಾನೀಯ ನಿಗಮದ ಕೈಯಲ್ಲಿದೆ. ಇಂಡೆಂಟ್ ಹಾಕಿ, ದುಡ್ಡು ಕಟ್ಟಿ, ಡಿಪೋದಿಂದ ತರಬೇಕು. ಡಿಪೋದಲ್ಲಿ ಇರುವುದು ಹೆಚ್ಚು ಓಡುವ ಮಾಲು. ಕಾಕ್‌ಟೇಲಿಗೆ ಬೇಕಾದ ವರ್ಮೂತ್, ಕಿತ್ತಳೆ ಸಿಪ್ಪೆಯ ಲಿಕ್ಯೂರ್ ಇಂಥವೆಲ್ಲ ನಮ್ಮ ಕಡೆ ಕೇಳುವವರೇ ಇಲ್ಲ. ಗೋವಾ ಹತ್ತಿರದಲ್ಲಿದೆ, ಕಾರಿನ ಡಿಕ್ಕಿಯಲ್ಲಿ ನಾಲ್ಕು ಬಾಟಲಿ ತಂದರೆ ಆಯಿತು ಎಂದು ಹೇಳುವ ಸ್ನೇಹಿತರು ಬೇಕಾದಷ್ಟು ಸಿಗುತ್ತಾರೆ. ಅವರ ಮಾತು ಕೇಳಿದರೆ ಸನ್ನದೂ ಹೋಗುತ್ತದೆ, ಮೊಕದ್ದಮೆಯೂ ಬೀಳುತ್ತದೆ.

ಇಲ್ಲಿ ಗೌಡ್ರು ಸ್ವಲ್ಪ ಸಪ್ಪಗಾದರು. ನನಗೆ ಮಾತ್ರ ಉತ್ಸಾಹ ಬರುವುದೇ ಇಲ್ಲಿ. ಇಲ್ಲದ್ದನ್ನು ಹುಡುಕುವುದು ಬಿಟ್ಟು ಇರುವುದನ್ನು ನೋಡಿ ಅಂದೆ. ನಿಮ್ಮ ಹಿತ್ತಲಲ್ಲೇ ಹೇರಳೆಕಾಯಿ ಇದೆ, ಕಂಚಿಕಾಯಿ ಇದೆ, ಗಜನಿಂಬೆ ಇದೆ. ಒಂದೊಂದರ ಹುಳಿಗೂ ಒಂದೊಂದು ವಾಸನೆ. ದೊಡ್ಡ ನಗರದ ಬಾರುಗಳು ಇಷ್ಟು ಬಗೆಯ ಹುಳಿಗೆ ಅಲೆದಾಡುತ್ತವೆ. ಬೇಸಿಗೆಯಲ್ಲಿ ಮುರುಗಲು, ಮಾರ್ಚಿನಲ್ಲಿ ಅಪ್ಪೆಮಿಡಿ. ತೋಟದಂಚಿನಲ್ಲಿ ಕಾಳುಮೆಣಸು, ಏಲಕ್ಕಿ, ದಾಲ್ಚಿನ್ನಿ, ಜೀರಿಗೆ ಮೆಣಸು. ಆಲೆಮನೆಯ ಜೋನಿ ಬೆಲ್ಲ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಪಾಕ ಯಾವ ಕಾರ್ಖಾನೆಯಿಂದ ಬರಬೇಕು? ಕ್ಯೂಬಾದ ಡೈಕಿರಿ ಅನ್ನುವುದು ರಮ್, ನಿಂಬೆ, ಸಕ್ಕರೆ, ಇಷ್ಟೇ. ನಮ್ಮಲ್ಲಿ ರಮ್ಮಿಗೆ ಕಂಚಿಯ ರಸ, ಜೋನಿ ಬೆಲ್ಲ ಹಾಕಿ ಐಸಿನಲ್ಲಿ ಕುಲುಕಿದರೆ ಅದು ಸಾಗರದ್ದೇ ಆಗುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ಬೆಲ್ಲದ ಮದ್ಯ ಸೇರಿಸಿದ ರಮ್ ಮಾಡುತ್ತಾರೆ. ಬೆಲ್ಲಕ್ಕೆ ಬೆಲ್ಲ ಚೆನ್ನಾಗಿಯೇ ಕೂಡುತ್ತದೆ. ಜಿನ್ನಿಗೆ ಮುರುಗಲು, ಒಂದು ಚಿಟಿಕೆ ಉಪ್ಪು, ಸೋಡ. ಮದ್ಯ ಬೇಡ ಅನ್ನುವವರಿಗೆ ಅದೇ ಗ್ಲಾಸಿನಲ್ಲಿ, ಅದೇ ಮರ್ಯಾದೆಯಲ್ಲಿ, ಅಪ್ಪೆಹುಳಿಯನ್ನೇ ತೆಳ್ಳಗೆ ಮಾಡಿ ಜೀರಿಗೆ ಮೆಣಸಿನ ಕಮ್ಮಗಿನ ಖಾರ ಸೇರಿಸಿ ಕೊಡಬಹುದು. ಅಕ್ಕ, ಇದು ನೀವು ಕಲಿಸಬೇಕಾದ್ದು, ಹೋಟೆಲ್ ಶಾಲೆಯವರಲ್ಲ.

ಅಕ್ಕ ಏನೂ ಅನ್ನಲಿಲ್ಲ. ಆದರೆ ಕಂಚಿ ಸಿಪ್ಪೆಯ ಕಹಿ ತೆಗೆಯಬೇಕಾದರೆ ಹಿಂದಿನ ರಾತ್ರಿಯೇ ಉಪ್ಪು ನೀರಿನಲ್ಲಿ ಹಾಕಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಒಂದು ಎಚ್ಚರಿಕೆ ಮಾತ್ರ ಹೇಳಿದೆ. ಮಸಾಲೆಯನ್ನು ಪಾಕದಲ್ಲಿ ನೆನೆಹಾಕಲಿ, ಮದ್ಯದಲ್ಲಿ ಬೇಡ. ನಗರದ ಬಾರುಗಳಲ್ಲಿ ಜಾಡಿಗಟ್ಟಲೆ ಮದ್ಯಕ್ಕೆ ಹಣ್ಣು, ಬೇರು ಹಾಕಿಡುವುದನ್ನು ಅವಳು ನೋಡಿರುತ್ತಾಳೆ. ಇಲ್ಲಿ ತಪಾಸಣೆಗೆ ಬಂದವರಿಗೆ ಲೇಬಲ್ ಇಲ್ಲದ ಜಾಡಿಯ ಮದ್ಯ ಕಲಬೆರಕೆಯಾಗಿಯೇ ಕಾಣುತ್ತದೆ. ಅವರೊಡನೆ ರುಚಿಯ ಚರ್ಚೆ ನಡೆಯುವುದಿಲ್ಲ.

ಐಸಿನ ಚಿಂತೆ ಬೇರೆ ಇದೆ. ಮೀನು ತುಂಬುವ ಐಸು ಗ್ಲಾಸಿಗೆ ಹಾಕುವಂಥದ್ದಲ್ಲ. ಸ್ವಂತ ಯಂತ್ರ ಬೇಕು, ಅದಕ್ಕೆ ನೀರು ಶುದ್ಧ ಮಾಡುವುದು ಬೇಕು, ಮಳೆಗಾಲದ ಕರೆಂಟಿಗೆ ಜನರೇಟರ್ ಬೇಕು. ಲಿಂಗನಮಕ್ಕಿಗೆ ಊರಿಗೂರೇ ಮುಳುಗಿಸಿಕೊಟ್ಟು ನಾಡಿಗೆಲ್ಲ ಬೆಳಕು ಕೊಟ್ಟ ತಾಲ್ಲೂಕು ಇದು. ಗಾಳಿ ಬಂದರೆ ಇಲ್ಲಿಯೇ ಕತ್ತಲೆ. ಈ ಮಾತು ಬಂದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

"ವರ್ಷವಿಡೀ ಜನ ಬರ್ತಾರಾ?" ಗೌಡ್ರು ಕೇಳಿದ ಒಳ್ಳೆಯ ಪ್ರಶ್ನೆ ಇದು.

ಬರುವುದಿಲ್ಲ. ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬಂದ ಮೇಲೆ ಊರು ಖರ್ಚು ಮಾಡುತ್ತದೆ. ಶ್ರಾವಣದಲ್ಲಿ ಅರ್ಧ ಊರು ಮದ್ಯ, ಮಾಂಸ ಬಿಡುತ್ತದೆ. ಕಾರ್ತೀಕ ಕಳೆಯುವುದರೊಳಗೆ ಅಯ್ಯಪ್ಪನ ಮಾಲೆ ಹಾಕಿದವರು ಮಕರ ಸಂಕ್ರಾಂತಿಯವರೆಗೆ ಆ ಕಡೆ ತಲೆ ಹಾಕುವುದಿಲ್ಲ. ಗಣಪತಿ ಬಿಡುವ ದಿನ ಜಿಲ್ಲಾಡಳಿತ ಬಾಗಿಲು ಹಾಕಿಸುತ್ತದೆ. ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಂದ್. ಇದರ ಮೇಲೆ ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಂದರೆ ಸನ್ನದಿನ ಶುಲ್ಕ ಒಟ್ಟಿಗೆ ಕಟ್ಟಬೇಕಾದ್ದು ಜೂನ್‌ನಲ್ಲಿ, ಮಳೆ ಹಿಡಿದು ಊರಿನವರು ಮನೆಯಿಂದ ಹೊರಡದ ಹೊತ್ತಿನಲ್ಲಿ. ಆದರೆ ಅದೇ ತಿಂಗಳುಗಳಲ್ಲಿ ಜೋಗಕ್ಕೆ ಜನ ಹರಿದು ಬರುತ್ತಾರೆ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ ಶರಾವತಿಯ ಆಚೆಗೂ ಗಾಡಿಗಳು ನಿಲ್ಲದೆ ಓಡುತ್ತಿವೆ. ಊರಿನವರು ಬಾರದ ಕಾಲದಲ್ಲಿ ಹೊರಗಿನವರು ಬರುತ್ತಾರೆ. ಅವರಿಗೆ ಬೇಕಾದ್ದು ಒಂದು ಕೋಣೆ, ಬಿಸಿ ಊಟ, ಸಂಜೆ ಕೂರಲು ಒಂದು ಚೊಕ್ಕ ಜಾಗ.

ಕೋಣೆ ಅಂದ ಕೂಡಲೇ ನನಗೆ ಇನ್ನೊಂದು ಭಯ ನೆನಪಾಯಿತು. ನಮ್ಮಲ್ಲಿ ಕುಡಿಯುವವರು ಬರುವುದು ಬೈಕಿನಲ್ಲಿ, ಹೋಗಬೇಕಾದ್ದು ಕಾಡು ದಾರಿಯಲ್ಲಿ ಹತ್ತಾರು ಕಿಲೋಮೀಟರ್. ರಾತ್ರಿ ಬಸ್ಸಿಲ್ಲ, ಬೆಂಗಳೂರಿನ ಹಾಗೆ ಫೋನಿನಲ್ಲಿ ಕರೆದರೆ ಬರುವ ಟ್ಯಾಕ್ಸಿಯಿಲ್ಲ. ರಕ್ತದ 100 ಮಿ.ಲೀ.ಯಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ದಂಡ ಕಟ್ಟಬಹುದು ಗೌಡ್ರೇ, ತಿರುವಿನಲ್ಲಿ ಬಿದ್ದ ಹುಡುಗನನ್ನು ಯಾರು ಎಬ್ಬಿಸಿಕೊಡುತ್ತಾರೆ? ನಿಮ್ಮ ಮಗಳ ಕೈಯಿಂದ ಗ್ಲಾಸು ತೆಗೆದುಕೊಂಡವನು ಮನೆ ಮುಟ್ಟದಿದ್ದರೆ ಅವಳು ಈ ಊರಿನಲ್ಲಿ ತಲೆ ಎತ್ತಿ ಓಡಾಡಬಲ್ಲಳೇ?

ಅದಕ್ಕೇ ನಾನು ಸುತ್ತಿ ಸುತ್ತಿ ಸಿಎಲ್-7ಕ್ಕೆ ಬರುವುದು. ಇಷ್ಟು ಕೋಣೆ ಇದ್ದರೆ ಮಾತ್ರ ಸನ್ನದು ಅನ್ನುವ ನಿಯಮ ಮೊದಲ ನೋಟಕ್ಕೆ ಬಡವರ ಮಕ್ಕಳನ್ನು ದೂರ ಇಡುವ ಗೋಡೆಯಂತೆ ಕಾಣುತ್ತದೆ. ಸಣ್ಣ ಊರಿನ ಮಟ್ಟಿಗೆ ನೋಡಿದರೆ ಅದರಲ್ಲಿ ಅರ್ಥವಿದೆ. ಕುಡಿದವನು ಅಲ್ಲೇ ಮಲಗಲಿ. ಅವಳು ಸ್ವಂತಕ್ಕೆ ಸನ್ನದು ಕೊಳ್ಳುವುದು ಬೇಡ. ಈಗಾಗಲೇ ಸಿಎಲ್-7 ಇರುವ, ಕೋಣೆಗಳು ಚೊಕ್ಕಟವಾಗಿರುವ, ಬಾರ್ ಮಾತ್ರ ಮಂಕಾಗಿರುವ ಒಂದು ಲಾಡ್ಜ್ ನೋಡಲಿ. ಅಲ್ಲಿನ ಬಾರಿನ ಜವಾಬ್ದಾರಿ ಹೊರಲಿ. ಬಾಯಿಮಾತಿನ ಲೀಸ್ ಮಾತ್ರ ಖಂಡಿತ ಬೇಡ. ಸನ್ನದು ಯಾರ ಹೆಸರಿನಲ್ಲಿದೆಯೋ ಕಾನೂನಿಗೆ ಅವರೇ ಮಾಲೀಕರು. ಮೊದಲ ವರ್ಷ ಸಂಬಳಕ್ಕೋ, ಲಾಭದಲ್ಲಿ ಪಾಲಿಗೋ ಬರೆದುಕೊಂಡ ಕರಾರಿನ ಮೇಲೆ ಕೆಲಸ ಮಾಡಲಿ. ಒಗ್ಗಿದರೆ ಇಲಾಖೆಯ ಒಪ್ಪಿಗೆ ಪಡೆದು ಪಾಲುದಾರಳಾಗಲಿ. ತೋಟ ತೋಟವಾಗಿಯೇ ಉಳಿಯಲಿ.

ನೀವು ಖರ್ಚು ಮಾಡಲೇಬೇಕಾದ್ದು ಒಂದು ಕೌಂಟರಿಗೆ. ನಮ್ಮೂರಲ್ಲಿ ಗುಡಿಗಾರರಿದ್ದಾರೆ. ಹಲಸಿನ ಹಲಗೆಯಲ್ಲಿ ಅಗಲವಾದ ಕೌಂಟರ್ ಮಾಡಿಸಿ, ಮೇಲೆ ಒಳ್ಳೆಯ ದೀಪ ಹಾಕಿಸಿ, ಕಿಟಕಿಯ ಕಪ್ಪು ಹಾಳೆ ಕೀಳಿಸಿ. ಅವಳ ಜೊತೆ ಇಬ್ಬರು ಹುಡುಗರಿಗೆ ಕೆಲಸ ಕಲಿಸಬೇಕಾಗುತ್ತದೆ. ಕಲಿತವರು ಬೆಂಗಳೂರಿಗೋ ಗೋವಾಕ್ಕೋ ಹೊರಟುಬಿಡುತ್ತಾರೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಪ್ರತಿ ವರ್ಷ ಇಬ್ಬರಿಗೆ ಕಲಿಸುವುದೂ ಖರ್ಚಿನ ಬಾಬ್ತು ಎಂದೇ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ದರ ಮೊದಲ ದಿನವೇ ಬೆಂಗಳೂರಿನಷ್ಟು ಇಡುವುದು ಬೇಡ. ನಾಲ್ಕೇ ನಾಲ್ಕು ಬಗೆ ಇರಲಿ, ನಾಲ್ಕೂ ಪ್ರತಿ ಸಲ ಒಂದೇ ರುಚಿಯಲ್ಲಿ ಬರಲಿ.

"ದೀಪಾವಳಿಗೆ ಬರ್ತಾಳೆ. ಬಂದಾಗ ನಿಮ್ಮ ಹತ್ರ ಕಳಿಸ್ತೇನೆ" ಅಂದರು ಅಕ್ಕ. ಗೌಡ್ರು ಯಾವ ಲಾಡ್ಜ್ ಆಗಬಹುದು ಎಂದು ಆಗಲೇ ಹೆಸರು ಎತ್ತತೊಡಗಿದ್ದರು.

ಹೆಸರು ಆಮೇಲೆ ಅಂದೆ. ಮೊದಲು ಆ ಮಾಲೀಕರ ಹತ್ತಿರ ಆಷಾಢ, ಶ್ರಾವಣದ ಲೆಕ್ಕದ ಪುಸ್ತಕ ಕೇಳಿ, ನಾನು ಕೂತು ನೋಡಿಕೊಡುತ್ತೇನೆ. ಸಂಕ್ರಾಂತಿಯ ಲೆಕ್ಕ ಎಲ್ಲರೂ ಖುಷಿಯಿಂದ ತೋರಿಸುತ್ತಾರೆ. ಆ ಎರಡು ತಿಂಗಳಿನದ್ದು ಕೊಡಲು ಹಿಂದೆಮುಂದೆ ನೋಡಿದರೆ ಆ ಜಾಗದ ಮಾತು ಅಲ್ಲಿಗೇ ಬಿಟ್ಟು ಮುಂದಿನ ಲಾಡ್ಜಿಗೆ ಹೋಗೋಣ.